ಬಾಣಲೆಯೊಳಗಿನ ನೀರು

ಆಲೂಗಡ್ಡೆಯ ಚೀಸ್ ಬಾಲ್ ಮನೆಯಲ್ಲೇ ಮಾಡಲು ಹೊರಟವರಿಗೆ ಒಂದಲ್ಲ ಒಂದು ದಿನ ಈ ಗಳಿಗೆ ಎದುರಾಗುತ್ತದೆ. ಮೊದಲ ಒಬ್ಬೆ ಹೊಂಬಣ್ಣಕ್ಕೆ ಬಂದು ಜಾಲರಿ ಸೌಟು ಏರಿರುತ್ತದೆ. ಎರಡನೇ ಒಬ್ಬೆ ಎಣ್ಣೆಗೆ ಬಿಟ್ಟು ಎರಡು ನಿಮಿಷವೂ ಆಗಿರುವುದಿಲ್ಲ, ಒಂದು ಉಂಡೆಯ ಮಗ್ಗುಲಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಬಿರುಕಿನಿಂದ ಬಿಳಿ ನೊರೆ ಉಕ್ಕುತ್ತದೆ, ಅದರ ಹಿಂದೆಯೇ ಚೀಸು. ಚಟಪಟ ಸದ್ದು ಏರಿ ಎಣ್ಣೆ ಒಲೆಯ ಕಟ್ಟೆಯ ತುಂಬ ಸಿಡಿಯುತ್ತದೆ. ಉರಿ ತಗ್ಗಿಸುವಷ್ಟರಲ್ಲಿ ಉಂಡೆ ಟೊಳ್ಳಾಗಿ, ಬಾಣಲೆಯ ತಳದಲ್ಲಿ ಚೀಸು ಕರಕಲಾಗಿ ಅಂಟಿಕೊಂಡಿರುತ್ತದೆ.

ಚೀಸು ಜಾಸ್ತಿಯಾಯಿತು, ಎಣ್ಣೆ ಸರಿಯಿಲ್ಲ ಎಂಬ ಮಾತು ಆಗ ಬರುತ್ತದೆ. ತಪ್ಪು ಎರಡರದ್ದೂ ಅಲ್ಲ. ಉಂಡೆಯನ್ನು ಸೀಳಿದ್ದು ನೀರು, ಎಣ್ಣೆಯನ್ನು ಸಿಡಿಸಿದ್ದೂ ನೀರು. ಒಂದು ಹನಿ ನೀರು ಆವಿಯಾದರೆ ಮೊದಲಿದ್ದ ಜಾಗದ ಸುಮಾರು 1,600 ಪಟ್ಟು ಜಾಗ ಕೇಳುತ್ತದೆ. ಉಂಡೆಯ ಒಳಗೆ ಆ ಜಾಗ ಇಲ್ಲ. ಸಣ್ಣ ರಂಧ್ರಗಳ ಮೂಲಕ ಆವಿ ನಿಧಾನವಾಗಿ ಹೊರಬಿದ್ದರೆ ಉಂಡೆ ಉಳಿಯುತ್ತದೆ, ಒಂದೇ ಕಡೆ ಒತ್ತಿದರೆ ಒಡೆಯುತ್ತದೆ. ಗರಿಗರಿಯಾದ ಹೊರಮೈ, ಮೆತ್ತನೆಯ ಆಲೂಗಡ್ಡೆ, ನಡುವೆ ಕರಗಿದ ಚೀಸು, ಈ ಮೂರನ್ನೂ ಒಂದೇ ತುತ್ತಿನಲ್ಲಿ ಕೂಡಿಸುವ ಕೆಲಸ ನೋಡಲು ಎಣ್ಣೆಯ ಕೆಲಸದಂತೆ ಕಂಡರೂ ಮೊದಲಿನಿಂದ ಕೊನೆಯವರೆಗೆ ಅದು ನೀರನ್ನು ಎಲ್ಲಿ ಇಡಬೇಕು, ಎಲ್ಲಿಂದ ಓಡಿಸಬೇಕು ಎಂಬ ಲೆಕ್ಕ.

ಆಲೂಗಡ್ಡೆಯ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಈ ನೀರಿನೊಂದಿಗೆ ಮನುಷ್ಯರ ಗುದ್ದಾಟ ಹಳೆಯದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ, ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಸಾವಿರಾರು ವರ್ಷಗಳ ಹಿಂದೆ ಈ ಗಡ್ಡೆಯನ್ನು ಪಳಗಿಸಿದ ಜನ ಅದನ್ನು ಕೆಡದಂತೆ ಕಾಪಾಡಲು ಒಂದು ಉಪಾಯ ಕಂಡುಕೊಂಡರು. ಹಿಮ ಬೀಳುವ ರಾತ್ರಿ ಗಡ್ಡೆಗಳನ್ನು ಬಯಲಲ್ಲಿ ಹರಡುವುದು, ಹೆಪ್ಪುಗಟ್ಟಿದ ಗಡ್ಡೆ ಹಗಲಲ್ಲಿ ಕರಗಿದಾಗ ಕಾಲಿನಿಂದ ತುಳಿದು ನೀರು ಹಿಂಡುವುದು, ಆಮೇಲೆ ಬಿಸಿಲಿಗೆ ಒಣಗಿಸುವುದು. ಹಾಗೆ ಸಿಗುವ ಹಗುರವಾದ, ಕಲ್ಲಿನಂತೆ ಗಟ್ಟಿಯಾದ ಗಡ್ಡೆಗೆ ಚುನ್ಯೋ ಎಂದು ಹೆಸರು. ವರ್ಷಗಟ್ಟಲೆ ಇಟ್ಟರೂ ಅದು ಹಾಳಾಗುವುದಿಲ್ಲ, ಇಂದಿಗೂ ಪೆರು, ಬೊಲಿವಿಯಾಗಳ ಅಡುಗೆಯಲ್ಲಿದೆ. ಚೀಸ್ ಬಾಲ್ ಮಾಡುವವರು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ: ಕಡಿಮೆ ನೀರಿನ ಗಡ್ಡೆಯನ್ನು ಆರಿಸುವುದು, ಇರುವ ನೀರನ್ನು ಹೊರಗೆ ಹಾಕುವುದು.

ಎಲ್ಲ ಆಲೂಗಡ್ಡೆಯೂ ಒಂದೇ ಅಲ್ಲ. ಕೆಲವು ಬೆಂದರೆ ಹಿಟ್ಟುಹಿಟ್ಟಾಗಿ ಬಿರಿಯುತ್ತವೆ, ಕೆಲವು ಎಷ್ಟು ಬೆಂದರೂ ನಯವಾಗಿ, ಒದ್ದೆಯಾಗಿ, ಹೋಳು ಹೋಳಾಗಿಯೇ ನಿಲ್ಲುತ್ತವೆ. ಮೊದಲನೆಯದರಲ್ಲಿ ಪಿಷ್ಟ ಹೆಚ್ಚು, ನೀರು ಕಡಿಮೆ. ಸಾಗುವಿಗೆ ಎರಡನೆಯದು ಒಳ್ಳೆಯದು, ಉಂಡೆಗೆ ಮೊದಲನೆಯದೇ ಬೇಕು. ಅಂಗಡಿಯಲ್ಲಿ ನೋಡಿ ಗುರುತಿಸುವುದು ಕಷ್ಟವಾದರೂ ಮನೆಯಲ್ಲಿ ಒಂದು ಪರೀಕ್ಷೆ ಸಾಧ್ಯ. ಹನ್ನೊಂದು ಬಟ್ಟಲು ನೀರಿಗೆ ಒಂದು ಬಟ್ಟಲು ಉಪ್ಪು ಕದಡಿ, ಅದರಲ್ಲಿ ಗಡ್ಡೆ ಬಿಟ್ಟರೆ ಪಿಷ್ಟ ತುಂಬಿದ್ದು ಮುಳುಗುತ್ತದೆ, ನೀರು ತುಂಬಿದ್ದು ತೇಲುತ್ತದೆ. ಪಿಷ್ಟವು ನೀರಿಗಿಂತ ತೂಕದ ವಸ್ತು, ಅಷ್ಟೇ ಇದರ ಗುಟ್ಟು. ಚಿಪ್ಸ್ ಕಾರ್ಖಾನೆಗಳೂ ಗಡ್ಡೆಯ ಸಾಂದ್ರತೆಯನ್ನು ಅಳೆದೇ ಲೋಡು ಒಪ್ಪಿಕೊಳ್ಳುತ್ತವೆ.

ಕರ್ನಾಟಕದಲ್ಲಿ ಆಲೂಗಡ್ಡೆ ಎಂದರೆ ಹಾಸನ. ಮುಂಗಾರಿನ ಮೊದಲ ಮಳೆಗೆ ಬಿತ್ತಿ, ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಕೀಳುವ ಬೆಳೆ ಅದು. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಬಹುಕಾಲದಿಂದ ಹಾಸನದವರು ನೆಚ್ಚಿಕೊಂಡಿರುವ ತಳಿ ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದದ್ದು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಅದೇ ಬೆಟ್ಟಸಾಲಿನ ಕುಫ್ರಿ ಎಂಬ ಊರಿನ ಹೆಸರು ಅಂಟಿಕೊಂಡಿದೆ. ಕರಿಯುವುದಕ್ಕೆಂದೇ ಆ ಸಂಸ್ಥೆ 1998ರಲ್ಲಿ ಚಿಪ್ಸೋನಾ ತಳಿಗಳನ್ನು ಹೊರತಂದಿತು. ನೀರು ಕಡಿಮೆ, ಸಕ್ಕರೆಯೂ ಕಡಿಮೆ ಎಂಬುದು ಅವುಗಳ ಗುಣ.

ಸಕ್ಕರೆಯ ಮಾತು ಇಲ್ಲಿ ಯಾಕೆ ಬಂತು ಎಂದರೆ, ಆಲೂಗಡ್ಡೆ ಚಳಿಗೆ ಸಿಹಿಯಾಗುತ್ತದೆ. ಉತ್ತರ ಭಾರತದ ಬೆಳೆ ಜನವರಿಯಿಂದ ಮಾರ್ಚ್ ಒಳಗೆ ಕಿತ್ತು ಶೀತಲಗೃಹ ಸೇರುತ್ತದೆ, ಮಳೆಗಾಲದ ಹೊತ್ತಿಗೆ ದೇಶದ ಬಹಳಷ್ಟು ಅಂಗಡಿಗಳಲ್ಲಿ ಇರುವುದು ಅದೇ ಗಡ್ಡೆ. ಎರಡರಿಂದ ನಾಲ್ಕು ಡಿಗ್ರಿ ಚಳಿಯಲ್ಲಿ ಗಡ್ಡೆ ತನ್ನ ಪಿಷ್ಟವನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಮಾಡಿಕೊಳ್ಳುತ್ತದೆ. ಮನೆಯ ಫ್ರಿಜ್ಜಿನಲ್ಲೂ ಆಗುವುದು ಇದೇ. ಅಂಥ ಗಡ್ಡೆ ಎಣ್ಣೆಗೆ ಬಿದ್ದೊಡನೆ ಕಂದು ತಿರುಗುತ್ತದೆ. ಒಳಗೆ ಬಿಸಿ ತಲುಪುವ ಮೊದಲೇ ಹೊರಗೆ ಸುಟ್ಟ ಬಣ್ಣ. ಆದ್ದರಿಂದ ಆಲೂಗಡ್ಡೆಯ ಜಾಗ ಫ್ರಿಜ್ ಅಲ್ಲ, ಗಾಳಿಯಾಡುವ ಕತ್ತಲೆಯ ಬುಟ್ಟಿ. ತಣ್ಣಗಿದ್ದು ಬಂದ ಗಡ್ಡೆಯನ್ನು ಎರಡು ವಾರ ಹೊರಗಿಟ್ಟರೆ ಸಕ್ಕರೆಯ ಒಂದು ಭಾಗ ಮತ್ತೆ ಪಿಷ್ಟವಾಗುತ್ತದೆ.

ಇನ್ನು ಬೇಯಿಸುವ ಕೆಲಸ. ಹೋಳು ಮಾಡಿ ನೀರಲ್ಲಿ ಬೇಯಿಸಿದರೆ ಬೇಗ ಆಗುತ್ತದೆ ನಿಜ, ಆದರೆ ಕತ್ತರಿಸಿದ ಮೈಯಿಂದ ಗಡ್ಡೆ ನೀರು ಕುಡಿಯುತ್ತದೆ. ಅರ್ಧ ಕಿಲೋ ಗಡ್ಡೆಯನ್ನು ಸಿಪ್ಪೆ ಸಹಿತ ಇಡಿಯಾಗಿ, ನೀರಿಗೆ ತಾಗದಂತೆ ಕುಕ್ಕರಿನ ಪಾತ್ರೆಯಲ್ಲಿಟ್ಟು ಹಬೆಯಲ್ಲಿ ಬೇಯಿಸುವುದೇ ಮೇಲು. ಕುಕ್ಕರಿನ ಒಳಗೆ ಶಾಖ 120 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಹೋಗುತ್ತದೆ. ಗಡ್ಡೆಯ ಪಿಷ್ಟದ ಕಾಳುಗಳು 60 ಡಿಗ್ರಿ ದಾಟುತ್ತಿದ್ದಂತೆಯೇ ಸುತ್ತಲಿನ ನೀರನ್ನು ಹೀರಿ ಉಬ್ಬತೊಡಗುತ್ತವೆ, ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಸಡಿಲವಾಗುತ್ತದೆ. ಬೆಂದ ಗಡ್ಡೆ ಎಂದರೆ ಉಬ್ಬಿದ ಪಿಷ್ಟ ತುಂಬಿದ ಲಕ್ಷಾಂತರ ಪುಟ್ಟ ಚೀಲಗಳು.

ಆ ಚೀಲಗಳು ಒಡೆಯಬಾರದು. ಇಡೀ ತಿಂಡಿಯ ಹಣೆಬರಹ ಇಲ್ಲಿ ನಿಂತಿದೆ ಎಂದರೂ ಸರಿಯೆ. ಬಿಸಿಯಿರುವಾಗಲೇ ಸಿಪ್ಪೆ ತೆಗೆದು ತುರಿಮಣೆಯಲ್ಲಿ ತುರಿದರೆ, ಇಲ್ಲವೇ ಮೆಲ್ಲಗೆ ಒತ್ತಿ ಪುಡಿಮಾಡಿದರೆ, ಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ, ಪಿಷ್ಟ ಒಳಗೇ ಉಳಿಯುತ್ತದೆ. ಮಿಕ್ಸಿಗೆ ಹಾಕಿದರೆ ಅದರ ಅಲಗು ಚೀಲಗಳನ್ನು ಕತ್ತರಿಸಿ ಹಾಕುತ್ತದೆ. ಹೊರಬಿದ್ದ ಪಿಷ್ಟ ನೀರಿನೊಂದಿಗೆ ಸೇರಿ ಗೋಂದಾಗುತ್ತದೆ. ಗೋಂದಿನಂಥ ಆಲೂಗಡ್ಡೆಯಿಂದ ಕಟ್ಟಿದ ಉಂಡೆಯಲ್ಲಿ ಆವಿಗೆ ದಾರಿ ಇರುವುದಿಲ್ಲ, ತಿಂದವರಿಗೆ ಬಾಯಲ್ಲಿ ಅಂಟಂಟು.

ಪುಡಿ ಮಾಡಿದ್ದನ್ನು ಅಗಲವಾದ ತಟ್ಟೆಗೆ ಹರಡಿ, ಹಬೆ ಪೂರ್ತಿ ನಿಲ್ಲುವ ತನಕ ಬಿಡಬೇಕು. ಏಳುವ ಹಬೆಯೆಲ್ಲ ಮುಂದೆ ಬಾಣಲೆಯಲ್ಲಿ ಕಾಟ ಕೊಡಬಹುದಾಗಿದ್ದ ನೀರು. ತಣ್ಣಗಾಗುವಾಗ ಇನ್ನೊಂದು ಒಳ್ಳೆಯ ಕೆಲಸವೂ ನಡೆಯುತ್ತದೆ. ಪಿಷ್ಟದಲ್ಲಿರುವ ಅಮೈಲೋಸ್ ಎಂಬ ನೀಳ ಅಣುಗಳು ಬಿಸಿಯಲ್ಲಿ ಚದುರಿ ಹೋಗಿದ್ದವು, ಆರುತ್ತಿದ್ದಂತೆ ಅವು ಮತ್ತೆ ಸಾಲುಗಟ್ಟಿ ನಿಲ್ಲುತ್ತವೆ. ರಾತ್ರಿಯ ಅನ್ನ ಬೆಳಿಗ್ಗೆ ಬಿಡಿಬಿಡಿಯಾಗಿ ಬಿರುಸಾಗಿರುವುದು ಇದರಿಂದಲೇ, ಚಿತ್ರಾನ್ನಕ್ಕೆ ಆ ಅನ್ನವೇ ಹದವಾಗಿ ಒಗ್ಗುವುದೂ ಇದರಿಂದಲೇ. ಬಿಸಿ ಆಲೂಗಡ್ಡೆಯಲ್ಲಿ ಕಟ್ಟಿದ ಉಂಡೆ ಕುಸಿಯುತ್ತದೆ, ಅರ್ಧ ಗಂಟೆ ಆರಿದ ಆಲೂಗಡ್ಡೆಯದು ಆಕಾರ ಹಿಡಿದು ನಿಲ್ಲುತ್ತದೆ. ಆಮೇಲೂ ಕೈಗೆ ಅಂಟಿದರೆ ಎರಡು ಚಮಚ ಕಾರ್ನ್‌ಫ್ಲೋರ್ ಸಾಕು. ಅದೂ ಪಿಷ್ಟವೇ, ಎಣ್ಣೆಯ ಬಿಸಿಯಲ್ಲಿ ಉಬ್ಬಿ ಮಿಕ್ಕ ನೀರನ್ನು ಹೀರಿಕೊಳ್ಳುತ್ತದೆ.

ಹಸಿ ಈರುಳ್ಳಿಯನ್ನು ಈ ಮಿಶ್ರಣಕ್ಕೆ ಹಾಕುವ ಅಭ್ಯಾಸ ಹಲವರಿಗಿದೆ. ಹಾಕದಿದ್ದರೆ ಒಳ್ಳೆಯದು. ಉಪ್ಪು ತಾಗಿದ ಈರುಳ್ಳಿ ಹತ್ತು ನಿಮಿಷದಲ್ಲಿ ನೀರು ಬಿಡುತ್ತದೆ, ಉಂಡೆ ಸೀಳುವುದು ಅಂಥ ಒಂದು ಹೋಳಿನ ಪಕ್ಕದಲ್ಲೇ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಸಣ್ಣಗೆ ಹೆಚ್ಚಿ, ಉಂಡೆ ಕಟ್ಟುವ ಮುನ್ನ ಉಪ್ಪಿನೊಂದಿಗೆ ಸೇರಿಸಿದರೆ ತೊಂದರೆಯಿಲ್ಲ.

ಹೋಳಿಗೆ ಬಲ್ಲವರಿಗೆ ಮುಂದಿನ ಹಂತ ಹೇಳಿಕೊಡಬೇಕಾಗಿಲ್ಲ. ಕಣಕ ಮತ್ತು ಹೂರಣ ಒಂದಕ್ಕೊಂದು ಹದದಲ್ಲಿ ಹೊಂದದಿದ್ದರೆ ಹೋಳಿಗೆ ಬಿರಿಯುತ್ತದೆ. ಇಲ್ಲಿ ಆಲೂಗಡ್ಡೆಯೇ ಕಣಕ, ಚೀಸೇ ಹೂರಣ. ಆದರೆ ಯಾವ ಚೀಸು?

ಪನೀರ್ ಒಂದು ತುಂಡು ಎಣ್ಣೆಗೆ ಬಿಟ್ಟರೆ ಅದು ಹೊರಗೆ ಕೆಂಪಾಗುತ್ತದೆಯೇ ಹೊರತು ಕರಗುವುದಿಲ್ಲ. ಮೊಝರೆಲ್ಲಾ ಎಳೆ ಎಳೆಯಾಗಿ ಹರಿಯುತ್ತದೆ. ಎರಡೂ ಹಾಲಿನಿಂದಲೇ ಆದದ್ದು, ಎರಡರಲ್ಲೂ ಕೇಸೀನ್ ಎಂಬ ಅದೇ ಪ್ರೋಟೀನು. ವ್ಯತ್ಯಾಸ ಹುಟ್ಟುವುದು ಹಾಲು ಒಡೆಸುವ ಕ್ರಮದಲ್ಲಿ. ಹಾಲಿನಲ್ಲಿ ಕೇಸೀನ್ ಉಂಡೆಗಳನ್ನು ಕ್ಯಾಲ್ಸಿಯಂ ಹೊಲಿಗೆಯಂತೆ ಹಿಡಿದಿಟ್ಟಿರುತ್ತದೆ. ಕುದಿಯುವ ಹಾಲಿಗೆ ನಿಂಬೆರಸ ಹಿಂಡಿದಾಗ ಹುಳಿಯು ಈ ಕ್ಯಾಲ್ಸಿಯಮನ್ನು ಕಿತ್ತುಕೊಳ್ಳುತ್ತದೆ, ಪ್ರೋಟೀನುಗಳು ನೇರವಾಗಿ ಒಂದನ್ನೊಂದು ಬಿಗಿದಪ್ಪಿಕೊಳ್ಳುತ್ತವೆ. ಆ ಅಪ್ಪುಗೆ ಬಿಸಿಗೆ ಬಿಡುವುದಿಲ್ಲ; ಬಿಸಿಯಾದಷ್ಟೂ ಇನ್ನಷ್ಟು ಬಿಗಿದು ನೀರು ಉಗುಳುತ್ತದೆ. ಮೊಝರೆಲ್ಲಾಗೆ ಹಾಲು ಹೆಪ್ಪಾಗುವುದು ರೆನ್ನೆಟ್ ಎಂಬ ಕಿಣ್ವದಿಂದ. ಕ್ಯಾಲ್ಸಿಯಂ ಸ್ವಲ್ಪ ಮಾತ್ರ ಕಳೆದುಹೋಗುವಷ್ಟು ಹುಳಿ ಬಂದಾಗ ಗಿಣ್ಣದಂಥ ಆ ಮುದ್ದೆಯನ್ನು ಬಿಸಿನೀರಿನಲ್ಲಿ ಅದ್ದಿ ಎಳೆದೆಳೆದು ಮಡಿಸುತ್ತಾರೆ. ಹೊಲಿಗೆ ಸಡಿಲವಾಗಿ ಉಳಿದಿರುತ್ತದೆ. ಹಾಗಾಗಿ ಬಿಸಿ ತಾಗಿದಾಗ ಎಳೆಗಳು ಒಂದರ ಮೇಲೊಂದು ಜಾರುತ್ತವೆ.

ಅಂಗಡಿಯಲ್ಲಿ ಸಿಗುವ ಚೀಸ್ ಕ್ಯೂಬ್ ಮೂರನೆಯ ಜಾತಿ. 1911ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್, ಬಿಸಿಲ ನಾಡುಗಳಿಗೆ ಕಳಿಸಿದರೂ ಕೆಡದ ಚೀಸನ್ನು ಹುಡುಕುತ್ತ, ಎಮೆಂಟಾಲ್ ಚೀಸನ್ನು ಸೋಡಿಯಂ ಸಿಟ್ರೇಟ್ ಸೇರಿಸಿ ಕರಗಿಸಿದರು. ಬರೀ ಬಿಸಿ ಮಾಡಿದ್ದರೆ ಜಿಡ್ಡು ಒಂದು ಕಡೆ, ಪ್ರೋಟೀನಿನ ಗಂಟು ಒಂದು ಕಡೆ ಆಗುತ್ತಿತ್ತು. ಸಿಟ್ರೇಟ್ ಕ್ಯಾಲ್ಸಿಯಮನ್ನು ತನ್ನ ಕಡೆಗೆ ಸೆಳೆದುಕೊಂಡಿತು, ಬಿಡುಗಡೆಯಾದ ಕೇಸೀನ್ ಜಿಡ್ಡಿನ ಹನಿಗಳನ್ನೂ ನೀರನ್ನೂ ಒಟ್ಟಿಗೆ ಹಿಡಿದುಕೊಂಡಿತು. ಅಮೆರಿಕದ ಜೇಮ್ಸ್ ಕ್ರಾಫ್ಟ್ 1916ರಲ್ಲಿ ತನ್ನದೇ ವಿಧಾನಕ್ಕೆ ಪೇಟೆಂಟ್ ಪಡೆದ. ಸಂಸ್ಕರಿಸಿದ ಚೀಸು ಎಳೆ ಬಿಡುವುದಿಲ್ಲ, ಆದರೆ ಎಣ್ಣೆಯ ಬಿಸಿಯಲ್ಲೂ ಒಡೆಯದೆ ಗಟ್ಟಿ ಕೆನೆಯಂತೆ ಕೂರುತ್ತದೆ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಇದೇ ಸುರಕ್ಷಿತ. ಎಳೆ ಬೇಕೆನ್ನುವವರು ಅರ್ಧ ಪಿಜ್ಜಾ ಮೊಝರೆಲ್ಲಾ, ಅರ್ಧ ಸಂಸ್ಕರಿಸಿದ ಚೀಸು ಬೆರೆಸಬಹುದು. ನೀರಿನಲ್ಲಿ ತೇಲಿಸಿ ಮಾರುವ ತಾಜಾ ಮೊಝರೆಲ್ಲಾ ಮಾತ್ರ ಬೇಡವೇ ಬೇಡ.

25 ಗ್ರಾಮಿನ ಮೂರು ಕ್ಯೂಬುಗಳನ್ನು ಎಂಟೆಂಟು ತುಂಡು ಮಾಡಿದರೆ ಅರ್ಧ ಕಿಲೋ ಆಲೂಗಡ್ಡೆಗೆ ಸರಿಹೊಂದುವ 24 ತುಂಡು ಸಿಗುತ್ತವೆ. ತುಂಡು ಉಂಡೆಯ ನಟ್ಟನಡುವೆ ಕೂರಬೇಕು. ಒಂದು ಬದಿಗೆ ಸರಿದರೆ ಅಲ್ಲಿ ಆಲೂಗಡ್ಡೆಯ ಗೋಡೆ ತೆಳುವಾಗಿ, ಕರಗಿದ ಚೀಸು ಆ ಕಡೆಯಿಂದಲೇ ದಾರಿ ಮಾಡಿಕೊಳ್ಳುತ್ತದೆ.

ಗಾತ್ರದ ವಿಷಯದಲ್ಲಿ ಭೌತಶಾಸ್ತ್ರ ಬಹಳ ಖಡಕ್ಕು. ಆಲೂಗಡ್ಡೆಯ ಮೂಲಕ ಶಾಖ ಹರಿಯುವುದು ಆಮೆಗತಿಯಲ್ಲಿ, ದಪ್ಪ ಎರಡು ಪಟ್ಟಾದರೆ ನಡುಭಾಗ ಬಿಸಿಯಾಗಲು ಬೇಕಾಗುವ ಹೊತ್ತು ನಾಲ್ಕು ಪಟ್ಟಾಗುತ್ತದೆ. ಕಿತ್ತಳೆಯಷ್ಟು ದೊಡ್ಡ ಉಂಡೆ ಕಟ್ಟಿದವರ ಚೀಸು ತಣ್ಣಗೆ ಗಟ್ಟಿಯಾಗಿಯೇ ಉಳಿಯುವುದು ಹೀಗೆ. ಸಣ್ಣ ನಿಂಬೆಹಣ್ಣಿನ ಗಾತ್ರ ಸಾಕು. ಇದಕ್ಕಿಂತ ಜಾಣತನ ನೇಪಲ್ಸ್ ನಗರದ ಬೀದಿಯಲ್ಲಿದೆ. ಅಲ್ಲಿನ ಕ್ರೊಕ್ಕೆ ಎಂಬ ತಿಂಡಿಯೂ ಬೆಂದ ಆಲೂಗಡ್ಡೆಯೊಳಗೆ ಚೀಸಿಟ್ಟು ಕರಿದದ್ದೇ, ಆದರೆ ಆಕಾರ ದುಂಡಗಲ್ಲ, ಹೆಬ್ಬೆರಳಿಗಿಂತ ತುಸು ದಪ್ಪದ ಕೊಳವೆ. ಅಷ್ಟೇ ತೂಕದ ಉಂಡೆಗಿಂತ ಕೊಳವೆಯ ನಡುವು ಹೊರಮೈಗೆ ಹತ್ತಿರ, ಬಿಸಿ ಬೇಗ ತಲುಪುತ್ತದೆ. ಕ್ರೊಕ್ಕೆಯ ಹೆಸರು ಫ್ರೆಂಚರ ಕ್ರೊಕೆಟ್‌ನಿಂದ ಬಂದದ್ದು, ಅದರ ಬೇರು ಹಲ್ಲಿನಲ್ಲಿ ಕಡಿದಾಗ ಆಗುವ ಸದ್ದನ್ನು ಹೇಳುವ ಕ್ರಿಯಾಪದ. ಜಪಾನಿಗೆ ಹೋಗಿ ಅದು ಕೊರೊಕ್ಕೆ ಆಯಿತು, ನೆದರ್ಲೆಂಡ್ಸಿನಲ್ಲಿ ಕ್ರೊಕೆಟ್ ಆಗಿ ಗೋಡೆಯ ಗೂಡುಗಳಿಂದ ನಾಣ್ಯ ಹಾಕಿ ತೆಗೆದುಕೊಳ್ಳುವ ತಿಂಡಿಯಾಯಿತು.

ಕನ್ನಡಿಗರ ಆಲೂಬೋಂಡ ಈ ಬಳಗದಿಂದ ಬೇರೆ ನಿಲ್ಲುವುದು ಹೊದಿಕೆಯಲ್ಲಿ. ಬೋಂಡದ ಕಡಲೆಹಿಟ್ಟಿನ ಸಂಪಣದಲ್ಲಿ ನೀರು ಧಾರಾಳ. ಅದಷ್ಟೂ ಎಣ್ಣೆಯಲ್ಲೇ ಆವಿಯಾಗಬೇಕು. ಆಗುವಾಗ ಹೊದಿಕೆ ಉಬ್ಬಿ ಮೃದುವಾಗುತ್ತದೆ, ಬೋಂಡಕ್ಕೆ ಆ ಮೃದುತನವೇ ರುಚಿ. ಚೀಸ್ ಬಾಲಿಗೆ ಬೇಕಾದ್ದು ಬೇರೆ. ಮೈದಾ, ಕಾರ್ನ್‌ಫ್ಲೋರ್ ಸಮಪಾಲು ಕದಡಿದ ತೆಳು ಹಿಟ್ಟಿನಲ್ಲಿ ಉಂಡೆಯನ್ನು ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸುತ್ತಾರೆ. ಹಿಟ್ಟು ಬರೀ ಅಂಟು, ಗರಿಗರಿ ಕೊಡುವುದು ಪುಡಿ. ಬ್ರೆಡ್ ಪುಡಿ ಎಂದರೆ ಆಗಲೇ ಒಮ್ಮೆ ಬೆಂದು, ಒಣಗಿ, ನೀರು ಕಳೆದುಕೊಂಡ ಸ್ಪಂಜು. ಅದರ ಸಂದುಗಳ ಮೂಲಕ ಒಳಗಿನ ಆವಿ ಹೊರಗೆ ಹೋಗುತ್ತದೆ. ಜಪಾನಿನ ಪಾಂಕೊ ಪುಡಿಗೆಂದು ಬ್ರೆಡ್ಡನ್ನು ಒಲೆಯಲ್ಲಿ ಸುಡುವ ಬದಲು ಹಿಟ್ಟಿನ ಮೂಲಕವೇ ವಿದ್ಯುತ್ ಹರಿಸಿ ಬೇಯಿಸುವ ಪದ್ಧತಿಯಿದೆ. ಕೆಂಪು ಸಿಪ್ಪೆಯೇ ಇಲ್ಲದ ಬಿಳಿ ಬ್ರೆಡ್ಡು ಅದು, ತುರಿದಾಗ ಚೂಪಾದ ಚಕ್ಕೆಗಳಾಗುತ್ತದೆ. ಮನೆಯಲ್ಲಿ ಎರಡು ದಿನದ ಹಳೆಯ ಬ್ರೆಡ್ಡನ್ನು ಒಣಗಿಸಿ ತರಿಯಾಗಿ ಪುಡಿ ಮಾಡಿಕೊಂಡರೆ, ಇಲ್ಲವೇ ಶ್ಯಾವಿಗೆಯನ್ನು ಕೈಯಲ್ಲಿ ಮುರಿದು ಹಾಕಿದರೆ ಕೆಲಸ ನಡೆಯುತ್ತದೆ. ಅದ್ದಿ ಹೊರಳಿಸುವ ಕೆಲಸವನ್ನು ಎರಡು ಸಲ ಮಾಡಬೇಕು. ಮೊದಲ ಸುತ್ತಿನಲ್ಲಿ ತಪ್ಪಿಹೋದ ಚುಕ್ಕೆಯಷ್ಟು ಜಾಗವೇ ಸಾಕು ಚೀಸಿಗೆ. ಬಳಿಕ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಹೊದಿಕೆ ಬಿಗಿಯುತ್ತದೆ. ಫ್ರೀಜರಿನಲ್ಲಿ ಕಲ್ಲಾಗಿಸುವುದು ಬೇಡ, ಹೊರಗೆ ಬಣ್ಣ ಬಂದರೂ ನಡುವೆ ಮಂಜುಗಡ್ಡೆ ಉಳಿಯುತ್ತದೆ.

ಎಣ್ಣೆ 175ರಿಂದ 180 ಡಿಗ್ರಿಯಲ್ಲಿರಬೇಕು. ಥರ್ಮಾಮೀಟರ್ ಇಲ್ಲದವರು ಒಂದು ಇಂಚಿನ ಬ್ರೆಡ್ ತುಂಡು ಬಿಟ್ಟು ನೋಡಬಹುದು, ಒಂದು ನಿಮಿಷದ ಹೊತ್ತಿಗೆ ಹೊಂಬಣ್ಣಕ್ಕೆ ಬಂದರೆ ಹದ. ಉಂಡೆ ಬಿದ್ದೊಡನೆ ಏಳುವ ಗುಳ್ಳೆಗಳು ಎಣ್ಣೆಯ ಗುಳ್ಳೆಗಳಲ್ಲ. ಹೊದಿಕೆಯ ನೀರು ಆವಿಯಾಗಿ ಓಡುತ್ತಿರುವುದು. ಆವಿ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಬರಲಾರದು. ನೀರಿರುವ ಕಡೆ ಶಾಖ 100 ಡಿಗ್ರಿಯ ಆಚೆ ಹೆಚ್ಚೇನೂ ಏರಲಾರದು, ಒಳಗಿನ ಆಲೂಗಡ್ಡೆ ಅದಕ್ಕೇ ಮೆತ್ತಗಿರುತ್ತದೆ. ಹೊರಪದರದ ನೀರು ಮುಗಿದ ಮೇಲೆ ಮಾತ್ರ ಅಲ್ಲಿ ಶಾಖ ಮೇಲೇರಿ, ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಬಣ್ಣ, ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮೀಯ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಬಣ್ಣ ಹೊನ್ನಿನಲ್ಲಿ ನಿಲ್ಲಬೇಕು, ಕಡುಕಂದಿಗೆ ಹೋಗಬಾರದು. ಆಲೂಗಡ್ಡೆಯಲ್ಲಿ ಹೇರಳವಾಗಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲ 120 ಡಿಗ್ರಿಯಾಚೆ ಸಕ್ಕರೆಯೊಂದಿಗೆ ಸೇರಿ ಅಕ್ರಿಲಮೈಡ್ ಆಗುತ್ತದೆಂಬುದು ಬೆಳಕಿಗೆ ಬಂದದ್ದು, 2002ರ ಏಪ್ರಿಲ್‌ನಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಕರಿದ, ಸುಟ್ಟ ಆಹಾರದಲ್ಲಿ ಅದು ಇದೆಯೆಂದು ಪ್ರಕಟಿಸಿದ ಮೇಲೆ. ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವ ವಸ್ತು ಅದು. ಬಣ್ಣ ಕಡುವಾದಷ್ಟೂ ಅದರ ಪ್ರಮಾಣ ಹೆಚ್ಚು.

ಒಮ್ಮೆಗೆ ಆರೇಳು ಉಂಡೆಗಿಂತ ಹೆಚ್ಚು ಬಿಟ್ಟರೆ ಎಣ್ಣೆ ತಣಿಯುತ್ತದೆ, ಆವಿಯ ಒತ್ತಡ ಇಳಿಯುತ್ತದೆ, ಕರಿಯುವ ಹೊತ್ತು ಹಿಗ್ಗುತ್ತದೆ. ಮೂರು ನಾಲ್ಕು ನಿಮಿಷದಲ್ಲಿ ಗುಳ್ಳೆ ಕಡಿಮೆಯಾಗಿ ಸದ್ದು ಇಳಿಯುತ್ತದೆ. ಅನುಭವಸ್ಥರು ಆ ಸದ್ದು ಕೇಳಿಯೇ ಸೌಟು ಹಾಕುತ್ತಾರೆ, ಅವರ ಕಿವಿಗೆ ತಿಳಿಯುವುದು ಹೊದಿಕೆಯ ನೀರು ಮುಗಿದ ಸುದ್ದಿ. ತೆಗೆದ ನಂತರದ ಮೊದಲ ಅರೆನಿಮಿಷ ಮುಖ್ಯ. ಕರಿದ ತಿಂಡಿ ಕುಡಿಯುವ ಎಣ್ಣೆಯ ಬಹುಪಾಲು ಒಳಗೆ ಸೇರುವುದು ಬಾಣಲೆಯಲ್ಲಿ ಅಲ್ಲ, ಹೊರಗೆ ಬಂದು ಆರುವಾಗ. ರಂಧ್ರಗಳಲ್ಲಿದ್ದ ಆವಿ ತಣ್ಣಗಾಗಿ ಕುಗ್ಗುತ್ತದೆ, ಆ ಖಾಲಿ ಜಾಗ ಮೈಮೇಲಿನ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತದೆ. ಬಿಸಿಯಿರುವಾಗಲೇ ಸೌಟಿನಲ್ಲಿ ಕುಲುಕಿ ಎಣ್ಣೆ ಇಳಿಸುವುದು ಅದಕ್ಕೆ. ಪ್ರತಿ ಒಬ್ಬೆಯ ನಂತರ ಬಾಣಲೆಯಲ್ಲುಳಿದ ಪುಡಿ ತೆಗೆಯಬೇಕು, ಅದು ಕರಿಕಾಗಿ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಜಾರಿಗೆ ತಂದ ನಿಯಮದಂತೆ, ಬಳಸಿದ ಎಣ್ಣೆಯಲ್ಲಿ ಹಾಳಾದ ಅಂಶಗಳು, ಅಂದರೆ ಧ್ರುವೀಯ ಸಂಯುಕ್ತಗಳು, ನೂರಕ್ಕೆ 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವ ಸಾಧನವಿಲ್ಲ. ಎಣ್ಣೆ ಕಪ್ಪಾಗಿ, ಜಿಗುಟಾಗಿ, ನೊರೆ ನಿಲ್ಲತೊಡಗಿದರೆ ಚೆಲ್ಲಲು ಹಿಂಜರಿಯಬಾರದು.

ಗರಿಗರಿ ಎಂಬ ಮಾತನ್ನು ಕನ್ನಡ ಎರಡು ಕಡೆ ಬಳಸುತ್ತದೆ, ಹಪ್ಪಳಕ್ಕೆ ಮತ್ತು ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಗೆ. ವಿಜ್ಞಾನದ ಕಣ್ಣಿನಲ್ಲಿ ಎರಡೂ ಒಂದೇ. ಗಂಜಿಯೂ ಪಿಷ್ಟ, ಬ್ರೆಡ್ ಪುಡಿಯೂ ಪಿಷ್ಟ. ನೀರು ಹೋದ ಪಿಷ್ಟ ಗಾಜಿನಂತೆ ಸೆಡೆತು ನಿಲ್ಲುತ್ತದೆ, ನೀರು ಸೇರಿದೊಡನೆ ಅಣುಗಳು ಜಾರತೊಡಗಿ ಮೆತ್ತಗಾಗುತ್ತದೆ. ಗಾಜಿನಂತಿರುವಾಗ ಹಲ್ಲು ತಾಗಿದರೆ ಒಂದರ ಹಿಂದೊಂದು ಪುಟ್ಟ ಗೋಡೆಗಳು ಸಿಡಿದು ಸದ್ದಾಗುತ್ತದೆ. ಆ ಸದ್ದೇ ಅರ್ಧ ರುಚಿ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಸ್ಸಿಮಿಲಿಯಾನೊ ಜಂಪೀನಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಹೆಡ್‌ಫೋನ್ ಹಾಕಿಕೊಂಡು ಆಲೂಗಡ್ಡೆ ಚಿಪ್ಸ್ ಕಚ್ಚಿದರು. ಕಚ್ಚಿದ ಸದ್ದನ್ನು, ಅದರಲ್ಲೂ ಅದರ ತಾರ ಸ್ವರಗಳನ್ನು, ಹೆಚ್ಚಿಸಿ ಕೇಳಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನ್ನಿಸಿತು. 2008ರಲ್ಲಿ ಈ ಕೆಲಸಕ್ಕೆ ಇಗ್ ನೊಬೆಲ್ ಬಹುಮಾನವೂ ಬಂತು.

ತಟ್ಟೆಗೆ ಬಂದ ಮೇಲೂ ನೀರಿನ ಓಡಾಟ ನಿಲ್ಲುವುದಿಲ್ಲ. ಒಳಗಿನ ಒದ್ದೆ ಆಲೂಗಡ್ಡೆಯಿಂದ ಹೊರಗಿನ ಒಣ ಹೊದಿಕೆಯ ಕಡೆಗೆ ಅದು ಮೆಲ್ಲನೆ ನಡೆಯುತ್ತಲೇ ಇರುತ್ತದೆ. ಉಂಡೆಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಳ ಹಾಕಿದರೆ ಏಳುವ ಹಬೆಗೆ ಹೋಗಲು ಜಾಗವಿಲ್ಲದೆ ಹತ್ತು ನಿಮಿಷದಲ್ಲಿ ಹೊದಿಕೆ ನೆನೆದು ಬಟ್ಟೆಯಂತಾಗುತ್ತದೆ. ತಂತಿಯ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಟ್ಟರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಒಂದೆರಡು ನಿಮಿಷ ಹಾಗೆ ಬಿಟ್ಟರೆ ಹೊರಮೈಯ ಬಿಸಿ ಇನ್ನೂ ಒಳಗೆ ಸಾಗಿ, ಗಟ್ಟಿ ಉಳಿದಿದ್ದ ಚೀಸಿನ ನಡುವನ್ನೂ ಕರಗಿಸುತ್ತದೆ. ಸಂಜೆ ಮಿಕ್ಕವು ಮೆತ್ತಗಾಗಿದ್ದರೆ ಮತ್ತೆ ಎಣ್ಣೆ ಕಾಯಿಸಬೇಕಾಗಿಲ್ಲ, ಮೈಕ್ರೋವೇವ್ ಅಂತೂ ಬೇಡ. ಅದು ಒಳಗಿನ ನೀರನ್ನು ಹೊರಗಿನ ಹೊದಿಕೆಗೇ ತಂದು ಸುರಿಯುತ್ತದೆ. 180 ಡಿಗ್ರಿಗೆ ಕಾದ ಓವನ್ನಿನಲ್ಲಿ ಅಥವಾ ಮುಚ್ಚಳವಿಲ್ಲದ ಒಣ ಕಾವಲಿಯ ಮೇಲೆ ಐದಾರು ನಿಮಿಷ ಇಟ್ಟು, ಆಗಾಗ ಹೊರಳಿಸಿದರೆ, ಹೊದಿಕೆಗೆ ಬಂದು ಸೇರಿದ್ದ ನೀರು ಇನ್ನೊಮ್ಮೆ ಹಬೆಯಾಗಿ ಏಳುವುದು ಕಣ್ಣಿಗೇ ಕಾಣುತ್ತದೆ.